ಗಳಿಗೆ ನೋಡಿ ಬಸಿರಾಗುವ ಏಡಿ

ಏಡಿ ಬಸಿರಾಗುವುದೇ ಸಾಯುವುದಕ್ಕೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಮಹಾಭಾರತದ ವನಪರ್ವದಲ್ಲಿ ತನ್ನನ್ನು ಹೊತ್ತೊಯ್ಯಲು ಬಂದ ಜಯದ್ರಥನನ್ನು ದ್ರೌಪದಿ ಎಚ್ಚರಿಸುವಾಗ, ಫಲ ಬಿಟ್ಟು ಸಾಯುವ ಬಿದಿರು, ಬಾಳೆಗಳ ಜೊತೆ ಗರ್ಭ ಧರಿಸಿ ಸಾಯುವ ಏಡಿಯ ಪ್ರಸ್ತಾಪವೂ ಬರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಗದ್ದೆಯ ಅಂಚಿನಲ್ಲೋ ಹಳ್ಳದ ಕಲ್ಲಿನ ಸಂದಿಯಲ್ಲೋ ಸಿಕ್ಕ ಏಡಿಯನ್ನು ಅಂಗಾತ ಮಾಡಿ ನೋಡಿದವರಿಗೆ ಈ ನಂಬಿಕೆ ಎಲ್ಲಿಂದ ಹುಟ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ. ಹೊಟ್ಟೆಯಡಿಯ ಅಗಲವಾದ ಮಡಿಕೆಯನ್ನು ಸ್ವಲ್ಪ ಬಿಡಿಸಿದರೆ ಸಾಕು, ಕಾಲು, ಕೊಂಬು, ಕಣ್ಣು ಎಲ್ಲ ಮೂಡಿದ ಪುಟ್ಟ ಪುಟ್ಟ ಏಡಿಗಳು ಒಂದರ ಮೇಲೊಂದು ಹರಿದಾಡುತ್ತ ಹೊರಬೀಳುತ್ತವೆ. ತಾಯಿಯ ಹೊಟ್ಟೆ ಬಗೆದುಕೊಂಡೇ ಮರಿಗಳು ಹೊರಬಂದವು ಎಂದು ಕಂಡವರಿಗೆ ಅನಿಸಿದರೆ ತಪ್ಪೇನಿಲ್ಲ.

ಆದರೆ ಅದು ಗರ್ಭವಲ್ಲ. ಮೊಟ್ಟೆಗಳು ದೇಹದಿಂದ ಹೊರಬಂದ ಮೇಲೆ ತಾಯಿ ಅವನ್ನು ಹೊತ್ತು ಕಾಪಾಡುವ ಜಾಗ. ಮರಿಗಳು ಇಳಿದುಹೋದ ಮೇಲೆ ತಾಯಿ ಮಡಿಕೆಯನ್ನು ಮುಚ್ಚಿಕೊಂಡು ಮೇವಿಗೆ ಹೊರಡುತ್ತದೆ; ಬದುಕಿದ್ದರೆ ಮುಂದಿನ ಬಾರಿ ಮತ್ತೆ ಮೊಟ್ಟೆ ಕಟ್ಟುತ್ತದೆ. ಹೆಣ್ಣೇಡಿ ತನ್ನ ಬಸಿರಿಗೆ ಬಲಿಯಾಗುವ ಜೀವಿ ಅಲ್ಲವೇ ಅಲ್ಲ. ಯಾವಾಗ ಕೂಡಬೇಕು, ಯಾವ ಗಂಡನ್ನು ಒಪ್ಪಬೇಕು, ಪಡೆದ ವೀರ್ಯವನ್ನು ಎಷ್ಟು ಕಾಲ ಕೂಡಿಡಬೇಕು, ಮೊಟ್ಟೆಯನ್ನು ಯಾವಾಗ ಹೊರಗೆ ತರಬೇಕು, ಮರಿಗಳನ್ನು ಯಾವ ರಾತ್ರಿಯ ಯಾವ ಇಳಿತಕ್ಕೆ ಬಿಡಬೇಕು ಎಂಬ ಪ್ರತಿ ಹಂತದಲ್ಲೂ ಅದರ ಹಿಡಿತವಿದೆ. ಕಳೆದ ಕೆಲವು ದಶಕಗಳ ಏಡಿ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು.

ಇದಕ್ಕೆಲ್ಲ ಆಧಾರ ಅದರ ದೇಹದ ರಚನೆ. ಏಡಿಯ ಹೊಟ್ಟೆಯ ಭಾಗ ಎದೆಯ ಅಡಿಗೆ ಮಡಚಿಕೊಂಡಿರುತ್ತದೆ. ಗಂಡಿನಲ್ಲಿ ಈ ಮಡಿಕೆ ಕಿರಿದು, ಚೂಪು. ಪ್ರಾಯಕ್ಕೆ ಬಂದ ಹೆಣ್ಣಿನಲ್ಲಿ ಅಗಲ, ದುಂಡು. ಮೀನುಪೇಟೆಯಲ್ಲಿ ಏಡಿಯನ್ನು ತಿರುಗಿಸಿ ಗಂಡೋ ಹೆಣ್ಣೋ ಹೇಳುವುದು ಇದನ್ನು ನೋಡಿಯೇ. ಹೆಣ್ಣಿನ ಎದೆಯ ಫಲಕದ ಮೇಲೆ ಎರಡು ರಂಧ್ರಗಳಿದ್ದು, ಒಳಗಡೆ ಒಂದೊಂದಕ್ಕೂ ಒಂದೊಂದು ಚೀಲ ಸೇರಿಕೊಂಡಿರುತ್ತದೆ. ಗಂಡು ಕೊಟ್ಟ ವೀರ್ಯ ಈ ಚೀಲಗಳಲ್ಲಿ ಉಳಿಯುತ್ತದೆ. ಅಂಡಾಶಯದಲ್ಲಿ ಮೊಟ್ಟೆ ಬಲಿತ ಮೇಲೆ ಅದು ಈ ಚೀಲದ ಮೂಲಕವೇ ಹಾದು, ಅಲ್ಲಿ ವೀರ್ಯಾಣುವನ್ನು ಕೂಡಿ, ಹೊರಬಂದು ಮಡಿಕೆಯಡಿಯ ಕಿರುಗಾಲುಗಳ ರೋಮಕ್ಕೆ ಅಂಟಿಕೊಳ್ಳುತ್ತದೆ. ಅಂದರೆ ಗಂಡು ಹೆಣ್ಣು ಕೂಡುವ ದಿನವೇ ಬೇರೆ, ಮೊಟ್ಟೆ ಫಲಗೊಳ್ಳುವ ದಿನವೇ ಬೇರೆ. ನಡುವೆ ವಾರಗಳಿರಬಹುದು, ತಿಂಗಳುಗಳಿರಬಹುದು, ಕೆಲವು ಜಾತಿಗಳಲ್ಲಿ ವರ್ಷಗಳೂ ಇರಬಹುದು. ಆ ಅವಧಿ ಪೂರ್ತಿ ಹೆಣ್ಣಿನದು. ಅಷ್ಟು ಹೊತ್ತಿಗೆ ಗಂಡು ಎಲ್ಲಿರುತ್ತದೋ, ಬದುಕಿರುತ್ತದೋ ಇಲ್ಲವೋ!

ಚಿಪ್ಪು ಗಟ್ಟಿಯಿರುವಾಗಲೇ ಕೂಡುವ ಜಾತಿಗಳಲ್ಲಿ ಇನ್ನೊಂದು ಏರ್ಪಾಡಿದೆ. ಏಡಿಗಳ ಕೂಡುವಿಕೆಯ ಬಗ್ಗೆ ಬುನಾದಿ ಅಧ್ಯಯನ ಮಾಡಿದ ಬ್ರಿಟಿಷ್ ಪ್ರಾಣಿವಿಜ್ಞಾನಿ ರಿಚರ್ಡ್ ಹಾರ್ಟ್‌ನಾಲ್ 1960ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಕೆಲವು ಹೆಣ್ಣೇಡಿಗಳ ಆ ಎರಡು ರಂಧ್ರಗಳಿಗೆ ಸುಣ್ಣಗಟ್ಟಿದ ಮುಚ್ಚಳಗಳಿರುತ್ತವೆ. ವರ್ಷದ ಬಹುಪಾಲು ದಿನ ಅವು ಅಲುಗಾಡುವುದಿಲ್ಲ. ಮೊಟ್ಟೆ ಇಡುವ ಕಾಲ ಹತ್ತಿರ ಬಂದಾಗ ಮಾತ್ರ ಮುಚ್ಚಳದ ಅಂಚಿನ ಸುಣ್ಣ ಕರಗಿ ಕೆಲವೇ ದಿನಗಳ ಮಟ್ಟಿಗೆ ಅದು ಸಡಿಲಾಗುತ್ತದೆ. ಆ ದಿನಗಳ ಹೊರತು ಎಷ್ಟೇ ಬಲಶಾಲಿ ಗಂಡು ಬಂದರೂ ಏನೂ ನಡೆಯುವಂತಿಲ್ಲ.

ಈಜುವ ಏಡಿಗಳ ದಾರಿ ಬೇರೆ. ನಮ್ಮ ಕಡಲಿನ ನೀಲಿ ಏಡಿ, ಅಳಿವೆಯ ಕೆಸರಲ್ಲಿ ಸಿಗುವ ದಪ್ಪ ಕೊಂಬಿನ ಏಡಿ, ಅಮೆರಿಕದ ಪೂರ್ವ ಕರಾವಳಿಯ ನೀಲಿ ಏಡಿ ಎಲ್ಲವೂ ಇದೇ ಗುಂಪಿಗೆ ಸೇರಿದವು. ಇವುಗಳಲ್ಲಿ ಹೆಣ್ಣು ಚಿಪ್ಪು ಕಳಚಿ ಮೈ ಮೆತ್ತಗಾದ ಗಳಿಗೆಯಲ್ಲೇ ಕೂಡುವಿಕೆ ನಡೆಯಬೇಕು. ಏಡಿಯ ಬದುಕಿನಲ್ಲಿ ಇದಕ್ಕಿಂತ ಅಪಾಯದ ಗಳಿಗೆ ಇನ್ನೊಂದಿಲ್ಲ. ಓಡಲು ಕಾಲಿಗೆ ಬಲವಿಲ್ಲ, ಕಚ್ಚಲು ಕೊಂಬಿಗೆ ಗಡಸಿಲ್ಲ. ಮೀನಿಗಾಗಲಿ ಬೇರೆ ಏಡಿಗಾಗಲಿ ಅದು ಸುಲಭದ ತುತ್ತು. ಅದಕ್ಕೆ ಹೆಣ್ಣು ಮುಂಚೆಯೇ ಕಾವಲು ಗೊತ್ತುಮಾಡಿಕೊಳ್ಳುತ್ತದೆ. ಚಿಪ್ಪು ಕಳಚುವ ದಿನ ಹತ್ತಿರವಾದಂತೆ ಅದರ ಮೂತ್ರದಲ್ಲಿ ವಾಸನೆಯ ಸಂದೇಶ ಹೊರಡುತ್ತದೆ. ಏಡಿಗೆ ಮೂತ್ರ ಹೊರಬರುವುದು ತಲೆಯ ಬಳಿ, ಮೀಸೆಯ ಬುಡದಿಂದ. ಕಿವಿರಿನಿಂದ ಹೊರಡುವ ನೀರಿನ ಸೆಳೆತ ಅದನ್ನು ಎದುರಿಗಿದ್ದವರ ಕಡೆಗೇ ತಳ್ಳುತ್ತದೆ. ಯುರೋಪಿನ ದಡದ ಏಡಿಯಲ್ಲಿ ಈ ಸಂದೇಶದ ರಾಸಾಯನಿಕ ಯಾವುದೆಂದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಯಾರ್ಗ್ ಹಾರ್ಡೆಗ ಅವರ ತಂಡ 2011ರಲ್ಲಿ ಪ್ರಕಟಿಸಿತು. ಯುರಿಡಿನ್ ಡೈಫಾಸ್ಫೇಟ್ ಎಂಬ ಆ ವಸ್ತು ಹೊಸ ಚಿಪ್ಪು ಕಟ್ಟುವ ಕೆಲಸದಲ್ಲಿ ಉಳಿಯುವ ಉಪವಸ್ತು. ಹಾಗಾಗಿ ಈ ಸಂದೇಶದಲ್ಲಿ ಸುಳ್ಳಿಗೆ ಎಡೆ ಕಡಿಮೆ. ಮೈಯೊಳಗೆ ಹೊಸ ಚಿಪ್ಪು ತಯಾರಾಗುತ್ತಿದ್ದರೆ ವಾಸನೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಅಮೆರಿಕದ ನೀಲಿ ಏಡಿಯ ಗಂಡು ಈ ವಾಸನೆ ಹಿಡಿದ ಕೂಡಲೇ ಕಾಲಿನ ಮೇಲೆ ಎತ್ತರಕ್ಕೆ ನಿಂತು, ಹಿಂದಿನ ಹುಟ್ಟುಗಾಲುಗಳನ್ನು ಬೆನ್ನ ಮೇಲೆ ಬೀಸುತ್ತದೆ. ಆ ಬೀಸಿಗೆ ಅದರ ಸ್ವಂತ ವಾಸನೆ ಹೆಣ್ಣಿನ ಕಡೆ ಹರಿಯುತ್ತದೆ. ಹೆಣ್ಣು ಒಪ್ಪಿದರೆ ಗಂಡು ಅದನ್ನು ತನ್ನ ಅಡಿಗೆ ಎಳೆದುಕೊಂಡು ದಿನಗಟ್ಟಲೆ ಹೊತ್ತು ತಿರುಗುತ್ತದೆ. ಹೆಣ್ಣು ಚಿಪ್ಪು ಕಳಚುವಾಗ ಸುತ್ತ ಕಾಲೂರಿ ಕಾಯುತ್ತದೆ, ಗಂಟೆಗಟ್ಟಲೆ ಕೂಡುತ್ತದೆ, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಮತ್ತೆ ಹೊತ್ತುಕೊಂಡಿರುತ್ತದೆ. ಇದನ್ನು ಬಹಳ ಕಾಲ ಗಂಡಿನ ಗೆಲುವೆಂದೇ ಬರೆಯುತ್ತಿದ್ದರು: ಬಲವಿದ್ದವನು ಹಿಡಿದ, ಮೆತ್ತಗಿದ್ದವಳು ಸಿಕ್ಕಳು ಎಂಬ ಧಾಟಿ. ನನ್ನ ದೃಷ್ಟಿಯಲ್ಲಿ ಇದು ಅರೆಬರೆ ಓದು. ಕರೆ ಕಳಿಸಿದ್ದು ಹೆಣ್ಣು, ದಿನ ಗೊತ್ತುಮಾಡಿದ್ದು ಹೆಣ್ಣಿನ ದೇಹ, ಬದುಕಿನ ಅತಿ ದುರ್ಬಲ ದಿನಗಳಲ್ಲಿ ಕಾವಲು ಪಡೆದದ್ದೂ ಹೆಣ್ಣೇ. ಗಂಡಿಗೂ ಲಾಭವಿದೆ, ಇಲ್ಲವೆನ್ನಲಾಗದು. ಬೇರೆ ಗಂಡು ಹತ್ತಿರ ಸುಳಿಯದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಆ ದಿನಗಳಷ್ಟೂ ಅದು ಮತ್ತೊಂದು ಹೆಣ್ಣನ್ನು ಅರಸಿ ಹೋಗುವಂತಿಲ್ಲ.

ಮುಂದಿನ ಕಥೆ ಹೆಣ್ಣಿನದೊಂದೇ. ಈ ಜಾತಿಯಲ್ಲಿ ಹೆಣ್ಣು ಚಿಪ್ಪು ಕಳಚುವುದು ಅದೇ ಕೊನೆ. ಸಾಮಾನ್ಯವಾಗಿ ಜೀವನದಲ್ಲಿ ಕೂಡುವುದೂ ಆ ಒಂದೇ ಸಲ. ಚೆಸಪೀಕ್ ಕೊಲ್ಲಿಯ ಮೇಲ್ಭಾಗದ ಸಪ್ಪೆ ನೀರಿನಲ್ಲಿ ಗಂಡನ್ನು ಬಿಟ್ಟು, ಹೆಣ್ಣು ಕೊಲ್ಲಿಯ ಬಾಯಿಯ ಉಪ್ಪುನೀರಿನ ಕಡೆಗೆ ಹೊರಡುತ್ತದೆ. ಉಪ್ಪು ಕಡಿಮೆಯಾದರೆ ಮರಿಗಳು ಬದುಕುವುದಿಲ್ಲವಾದ್ದರಿಂದ ಈ ಪ್ರಯಾಣ ಅನಿವಾರ್ಯ. ಶರತ್ಕಾಲದಲ್ಲಿ ಕೂಡಿದ ಹೆಣ್ಣು ಚಳಿಗಾಲವನ್ನು ತಳದ ಮಣ್ಣಿನಲ್ಲಿ ಹೂತುಕೊಂಡು ಕಳೆದು, ಮುಂದಿನ ಬೇಸಿಗೆಯಲ್ಲಿ ಕೂಡಿಟ್ಟ ವೀರ್ಯದಿಂದ ಮೊದಲ ಕಂತಿನ ಮೊಟ್ಟೆ ಕಟ್ಟುತ್ತದೆ. ಒಂದು ಕಂತಿಗೆ ಸುಮಾರು 20 ಲಕ್ಷ ಮೊಟ್ಟೆ. ಅವು ಒಡೆದ ಮೇಲೆ ಇನ್ನೊಂದು ಕಂತು, ಮತ್ತೊಂದು ಕಂತು. ಎಲ್ಲಕ್ಕೂ ಆ ಒಂದೇ ಮಿಲನದ ವೀರ್ಯ ಸಾಲಬೇಕು. ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯ ಹಿಮ ಏಡಿಯಲ್ಲೂ ಇಂಥ ಕೂಡಿಡುವ ಪದ್ಧತಿಯೇ. ಅಲ್ಲಿಯ ನೀರು ಎಷ್ಟು ತಣ್ಣಗೆಂದರೆ ಒಂದು ಕಂತಿನ ಮೊಟ್ಟೆ ಮರಿಯಾಗಲು ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಹಿಡಿಯುತ್ತದೆ. ಆ ಮೊಟ್ಟೆ ಒಡೆದು ಮುಗಿದಾಗ ಹತ್ತಿರದಲ್ಲಿ ಗಂಡು ಇಲ್ಲದಿದ್ದರೂ ಹೆಣ್ಣು ಹಳೆಯ ದಾಸ್ತಾನಿನಿಂದ ಮುಂದಿನ ಕಂತನ್ನು ಫಲಗೊಳಿಸಬಲ್ಲದು.

ಗಂಡನ್ನು ಆರಿಸುವ ವಿಷಯಕ್ಕೆ ಬಂದರೆ ಪಿಟೀಲು ಏಡಿಯನ್ನು ಮೀರಿಸಿದ್ದು ಇಲ್ಲ. ಕಾಳಿ, ಅಘನಾಶಿನಿ, ಪಂಚಗಂಗಾವಳಿಯ ಅಳಿವೆಗಳಲ್ಲಿ ನೀರು ಇಳಿದಾಗ ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ನೂರಾರು ಪುಟ್ಟ ಏಡಿಗಳು ಒಂದೇ ಒಂದು ದೊಡ್ಡ ಕೊಂಬನ್ನು ಎತ್ತಿ ಇಳಿಸುತ್ತಿರುವುದನ್ನು ಕರಾವಳಿಯ ಮಕ್ಕಳೆಲ್ಲ ನೋಡಿರುತ್ತಾರೆ. ಕೊಂಬು ಬೀಸುವುದು ಗಂಡು. ಕೆಲವು ಗಂಡುಗಳಲ್ಲಿ ಮೈತೂಕದ ಅರ್ಧದಷ್ಟು ಆ ಕೊಂಬಿನದೇ ಆಗಿರುತ್ತದೆ. ಹೆಣ್ಣಿಗೆ ಎರಡೂ ಕೊಂಬು ಸಣ್ಣವೇ.

ಹೆಣ್ಣಿನ ಹುಡುಕಾಟವನ್ನು ಹತ್ತಿರದಿಂದ ನೋಡಬೇಕು. ಅದು ತನ್ನ ಬಿಲವನ್ನು ಬಿಟ್ಟು ಬಯಲಿಗೆ ಬರುತ್ತದೆ. ಬಿಲ ಬಿಟ್ಟಿತೆಂದರೆ ಹಕ್ಕಿ ಎರಗಿದಾಗ ಅಡಗಲು ಸ್ವಂತ ಜಾಗವಿಲ್ಲ. ಸುತ್ತಲಿನ ಗಂಡುಗಳೆಲ್ಲ ಕೊಂಬು ಬೀಸುವ ವೇಗ ಹೆಚ್ಚಿಸುತ್ತವೆ. ಹೆಣ್ಣು ಒಂದರ ಕಡೆ ತಿರುಗಿದರೆ ಆ ಗಂಡು ಓಡಿಹೋಗಿ ತನ್ನ ಬಿಲದೊಳಗೆ ಇಳಿಯುತ್ತದೆ. ಹೆಣ್ಣು ಬಿಲದ ಬಾಯಲ್ಲಿ ತುಸು ಹೊತ್ತು ನಿಲ್ಲುತ್ತದೆ, ಕಾಲು ಒಳಗಿಟ್ಟು ನೋಡುತ್ತದೆ, ಮನಸ್ಸು ಬಂದರೆ ಒಳಕ್ಕಿಳಿಯುತ್ತದೆ. ಹೆಚ್ಚಿನ ಸಲ ಬೇಗನೆ ಹೊರಬಂದು ಮುಂದಿನ ಬಿಲಕ್ಕೆ ನಡೆಯುತ್ತದೆ. ಒಪ್ಪಿತವಾದರೆ ಮಾತ್ರ ಹೆಣ್ಣು ಒಳಗೇ ಉಳಿಯುತ್ತದೆ. ಗಂಡು ಮೇಲೆ ಬಂದು ಮರಳು ಒಟ್ಟುಮಾಡಿ ಬಿಲದ ಬಾಯಿಯನ್ನು ಒಳಗಿನಿಂದ ಮುಚ್ಚುತ್ತದೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಪಿಟೀಲು ಏಡಿಗಳನ್ನು ಹೀಗೆ ಹಿಂಬಾಲಿಸಿದ ಕ್ಯಾಥರೀನ್ ಡಿರಿವೆರಾ 2005ರಲ್ಲಿ ಪ್ರಕಟಿಸಿದ ಲೆಕ್ಕ ಬೆರಗು ಹುಟ್ಟಿಸುವಂಥದು. ಅಲ್ಲಿ ಒಂದು ಹೆಣ್ಣು ಸರಾಸರಿ 23 ಗಂಡುಗಳನ್ನು ನೋಡಿ ನಿರ್ಧರಿಸುತ್ತಿತ್ತು. ಒಂದು ಹೆಣ್ಣಂತೂ 106 ಬಿಲಗಳನ್ನು ನೋಡಿತ್ತು. ಇಷ್ಟೊಂದು ಹುಡುಕಾಟ ಯಾಕೆ? ಮೊಟ್ಟೆಗಳು ಸುಮಾರು ಎರಡು ವಾರ ಆ ಬಿಲದಲ್ಲೇ ಬೆಳೆಯಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರ ಬಂದು, ರಾತ್ರಿ ನೀರು ಜೋರಾಗಿ ಇಳಿಯುವ ಹೊತ್ತಿಗೆ ಮರಿಗಳು ಹೊರಡಲು ಸಿದ್ಧವಾಗಿರಬೇಕು. ಆ ಇಳಿತ ಮರಿಗಳನ್ನು ಅಳಿವೆಯ ಮೀನುಗಳ ಬಾಯಿಂದ ತಪ್ಪಿಸಿ ಕಡಲಿಗೆ ಒಯ್ಯುತ್ತದೆ. ಬಿಲದ ಅಳತೆ ಮೊಟ್ಟೆಯ ಬೆಳವಣಿಗೆಯ ವೇಗವನ್ನು ಏರುಪೇರು ಮಾಡುತ್ತದೆ. ತಪ್ಪು ಬಿಲ ಆರಿಸಿದರೆ ಮರಿಗಳು ತಪ್ಪು ದಿನಕ್ಕೆ ತಯಾರಾಗುತ್ತವೆ. ಹಾಗಾಗಿ ಹೆಣ್ಣು ಗಂಡಿನ ಜೊತೆಗೆ ಅದರ ಮನೆಯನ್ನೂ ತೂಗಿ ನೋಡುತ್ತದೆ.

ಮೊಜಾಂಬಿಕ್‌ನ ಇನ್ಹಾಕಾ ದ್ವೀಪದಲ್ಲಿ ಇನ್ನೊಂದು ಜಾತಿಯನ್ನು ಅಧ್ಯಯನ ಮಾಡಿದ ಪೆಟ್ರೀಷಿಯಾ ಬ್ಯಾಕ್‌ವೆಲ್ ಮತ್ತು ನೆವಿಲ್ ಪಾಸ್‌ಮೋರ್ 1996ರಲ್ಲಿ ಇದಕ್ಕೆ ಮತ್ತೊಂದು ಎಳೆ ಸೇರಿಸಿದರು. ಆರಿಸಲು ಸಾಕಷ್ಟು ದಿನಗಳಿರುವಾಗ ಹೆಣ್ಣು ದೊಡ್ಡ ಗಂಡೇ ಬೇಕು, ಒಳ್ಳೆಯ ಬಿಲವೂ ಬೇಕು ಎನ್ನುತ್ತದೆ. ದಿನ ಮೀರುತ್ತಿದ್ದಂತೆ ಗಂಡಿನ ಗಾತ್ರದ ವಿಷಯದಲ್ಲಿ ಪಟ್ಟು ಸಡಿಲಿಸುತ್ತದೆ, ಬಿಲದ ವಿಷಯದಲ್ಲಿ ಸಡಿಲಿಸುವುದಿಲ್ಲ. ಅದೇ ಜಾತಿಯ ಗಂಡುಗಳಲ್ಲಿ ಮೋಸವೂ ಉಂಟು. ಜಗಳದಲ್ಲಿ ಕಳೆದುಹೋದ ಕೊಂಬು ಮತ್ತೆ ಬೆಳೆಯುವಾಗ ಉದ್ದವಾಗುತ್ತದೆ, ಆದರೆ ತೆಳ್ಳಗೆ, ಹಗುರವಾಗಿ, ಹಲ್ಲಿಲ್ಲದೆ ಬೆಳೆಯುತ್ತದೆ. ಜಗಳಕ್ಕೆ ಅದು ನಿಷ್ಪ್ರಯೋಜಕ, ಬೀಸಲು ಮಾತ್ರ ಸಲೀಸು. ಈ ವ್ಯತ್ಯಾಸ ಹೆಣ್ಣಿನ ಕಣ್ಣಿಗೆ ಬೀಳುವುದಿಲ್ಲ ಎಂದು ಬ್ಯಾಕ್‌ವೆಲ್ ತಂಡ ತೋರಿಸಿತು. ಬಿಲವನ್ನೇ ಒಳಹೊಕ್ಕು ಪರೀಕ್ಷಿಸುವ ಹೆಣ್ಣಿನ ಹಟಕ್ಕೆ ಇದೂ ಒಂದು ಅರ್ಥ ಕೊಡುತ್ತದೆ ಎಂದು ನನಗನಿಸುತ್ತದೆ. ಕೊಂಬು ಸುಳ್ಳು ಹೇಳಬಹುದು, ಬಿಲ ಹೇಳಲಾರದು.

ಮೊಟ್ಟೆ ಹೊರಬಂದ ಮೇಲಿನ ದುಡಿಮೆಯ ಬಗ್ಗೆ ಬರೆಯುವವರು ಕಡಿಮೆ. ಹೊಸದಾಗಿ ಕಟ್ಟಿದ ಮೊಟ್ಟೆಗೊಂಚಲು ಹಳದಿ ಅಥವಾ ಕಿತ್ತಳೆ ಬಣ್ಣಕ್ಕಿರುತ್ತದೆ. ಒಳಗಿನ ಭ್ರೂಣ ಹಳದಿಯನ್ನು ಉಂಡು ಮುಗಿಸುತ್ತ, ಕಣ್ಣುಗಳ ಕಪ್ಪು ಮೂಡುತ್ತ ಬಂದಂತೆ ಅದು ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಲಕ್ಷಾಂತರ ಮೊಟ್ಟೆಗಳು ಒತ್ತೊತ್ತಾಗಿ ಕೂತ ಗೊಂಚಲಿನ ನಡುಭಾಗಕ್ಕೆ ಆಮ್ಲಜನಕ ತಾನಾಗಿ ತಲುಪುವುದಿಲ್ಲ. ತಾಯಿ ಮಡಿಕೆಯನ್ನು ಬಡಿಯುತ್ತ, ಕಾಲಿನ ತುದಿಯಿಂದ ಗೊಂಚಲನ್ನು ಕೆದಕಿ ಬಿಡಿಸುತ್ತ ನೀರಾಡುವಂತೆ ಮಾಡಬೇಕು. ಭ್ರೂಣ ಬೆಳೆದಷ್ಟೂ ಬಡಿತ ಹೆಚ್ಚುತ್ತದೆ. ಚಿಲಿಯ ಕರಾವಳಿಯಲ್ಲಿ ಮಿರಿಯಂ ಫರ್ನಾಂಡಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಈ ಕೆಲಸಕ್ಕೆ ತಾಯಿ ಎಷ್ಟು ದೊಡ್ಡ ಶಕ್ತಿವೆಚ್ಚ ತೆರುತ್ತದೆ ಎಂಬುದನ್ನು ಅಳೆದು ತೋರಿಸಿವೆ. ಮೊಟ್ಟೆ ಒಡೆಯುವ ಗಳಿಗೆಯಲ್ಲಿ ತಾಯಿ ಮರಿಗಳ ನಡುವೆ ಸಂಭಾಷಣೆಯೂ ನಡೆಯುತ್ತದೆ. ಮೊದಲು ಒಡೆದ ಮೊಟ್ಟೆಗಳಿಂದ ಹೊರಬರುವ ರಾಸಾಯನಿಕವನ್ನು ಗ್ರಹಿಸಿ ತಾಯಿ ಮಡಿಕೆಯನ್ನು ಜೋರಾಗಿ ಬಡಿಯುತ್ತದೆ, ಆ ಬಡಿತಕ್ಕೆ ಉಳಿದವೂ ಒಡೆಯುತ್ತವೆ. ಇಡೀ ಗೊಂಚಲು ಸ್ವಲ್ಪ ಹೊತ್ತಿನಲ್ಲೇ ಖಾಲಿ.

ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಕೆಂಪು ಏಡಿಗಳ ವಲಸೆಯನ್ನು ಟಿ.ವಿ.ಯಲ್ಲಿ ಬಹಳ ಮಂದಿ ನೋಡಿರುತ್ತಾರೆ. ಕ್ಯಾಮೆರಾ ತೋರಿಸುವುದು ರಸ್ತೆ ದಾಟುವ ದಂಡನ್ನು. ಆದರೆ ಕೂಡಿದ ಮೇಲೆ ಗಂಡು ಕಾಡಿಗೆ ಹಿಂತಿರುಗುತ್ತದೆ; ಹೆಣ್ಣು ಮಾತ್ರ ದಡದ ಬಿಲದ ತೇವದಲ್ಲಿ ಹನ್ನೆರಡು ಹದಿಮೂರು ದಿನ ಮೊಟ್ಟೆ ಹೊತ್ತು ಕೂರುತ್ತದೆ. ಕೃಷ್ಣಪಕ್ಷದ ಕೊನೆಯ ದಿನಗಳ ಬೆಳಗಿನ ಜಾವ, ಉಬ್ಬರ ಇಳಿಯತೊಡಗಿದಾಗ, ಒಂದೊಂದೂ ಲಕ್ಷದವರೆಗೆ ಮೊಟ್ಟೆಗಳನ್ನು ಕಡಲಿಗೆ ಕೊಡವುತ್ತದೆ.

ನಮ್ಮ ಪಶ್ಚಿಮಘಟ್ಟದ ಸಿಹಿನೀರಿನ ಏಡಿಗಳು ಇದಕ್ಕೆ ತದ್ವಿರುದ್ಧ. ಮರಿಗಳನ್ನು ಹೊಳೆಗೆ ಬಿಟ್ಟರೆ ಕೊಚ್ಚಿ ಹೋಗುತ್ತವೆ. ಅದಕ್ಕೆ ಇವು ಲಕ್ಷದ ಲೆಕ್ಕ ಬಿಟ್ಟು, ಕೆಲವೇ ನೂರು ದೊಡ್ಡ ಮೊಟ್ಟೆ ಇಡುತ್ತವೆ. ತೇಲುವ ಮರಿಯ ಹಂತ ಮೊಟ್ಟೆಯೊಳಗೇ ಮುಗಿದು, ಏಡಿಯ ರೂಪದಲ್ಲೇ ಮರಿ ಹೊರಬರುತ್ತದೆ. ಬಂದ ಮೇಲೂ ಕೆಲವು ದಿನ ತಾಯಿಯ ಮಡಿಕೆಯಲ್ಲೇ ವಾಸ. ಹೀಗಾಗಿ ಇವು ಹುಟ್ಟಿದ ಹಳ್ಳ ಬಿಟ್ಟು ದೂರ ಹೋಗುವುದಿಲ್ಲ. ಒಂದೊಂದು ಕಣಿವೆಗೆ ಒಂದೊಂದು ಜಾತಿ ರೂಪುಗೊಂಡಿರುವುದಕ್ಕೆ ಇದು ದೊಡ್ಡ ಕಾರಣ. ಉತ್ತರ ಕನ್ನಡದ ಯಲ್ಲಾಪುರದ ಕಾಡಿನಿಂದ 2022ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ಬಿಳಿ ಮತ್ತು ನೇರಳೆ ಬಣ್ಣದ ಘಟಿಯಾನ ದ್ವಿವರ್ಣ ಇಂಥ ಸಿಹಿನೀರ ಏಡಿಗಳಲ್ಲೊಂದು.

ತಾಯ್ತನದಲ್ಲಿ ಎಲ್ಲರನ್ನೂ ಮೀರಿದ ಏಡಿ ಇರುವುದು ಜಮೈಕಾದ ಗುಡ್ಡಗಾಡಿನಲ್ಲಿ. ಅನಾನಸಿನ ಕುಟುಂಬದ ಒಂದು ಗಿಡದ ಎಲೆಬುಡದಲ್ಲಿ ನಿಲ್ಲುವ ಮಳೆನೀರೇ ಅದರ ಮನೆ. ಏಡಿಯ ಅಗಲ ಎರಡು ಸೆಂಟಿಮೀಟರ್ ಆಸುಪಾಸು. ಜರ್ಮನಿಯ ರುಡಾಲ್ಫ್ ಡೀಸೆಲ್ 1980ರ ದಶಕದ ಕೊನೆಯಿಂದ ಇದನ್ನು ವಿವರವಾಗಿ ದಾಖಲಿಸಿದರು. ಎಲೆ ಬಿದ್ದು ಕೊಳೆತರೆ ನೀರು ಹುಳಿಯಾಗುತ್ತದೆ, ಆಮ್ಲಜನಕ ಕುಗ್ಗುತ್ತದೆ. ತಾಯಿ ಆ ಎಲೆಕಸವನ್ನು ಎತ್ತಿ ಹೊರಗೆ ಹಾಕುತ್ತದೆ. ಖಾಲಿ ಬಸವನಹುಳುವಿನ ಚಿಪ್ಪುಗಳನ್ನು ತಂದು ನೀರಿಗೆ ಇಳಿಸುತ್ತದೆ. ಅದರ ಸುಣ್ಣ ಕರಗಿ ಹುಳಿ ಕಡಿಮೆಯಾಗುತ್ತದೆ, ಮರಿಗಳ ಚಿಪ್ಪಿಗೂ ಸುಣ್ಣ ಸಿಗುತ್ತದೆ. ನೀರಿನಲ್ಲಿ ಹೊಂಚುವ ಏರೋಪ್ಲೇನ್ ಚಿಟ್ಟೆಯ ಜಾತಿಯ ಹುಳುಗಳು ಮರಿಗಳನ್ನು ತಿನ್ನದಂತೆ ಅವನ್ನು ಹಿಡಿದು ಕೊಲ್ಲುತ್ತದೆ. ಮರಿಗಳಿಗೆ ಜಿರಳೆ, ಸಹಸ್ರಪದಿಗಳನ್ನು ತಂದು ಉಣಿಸುತ್ತದೆ. ಬುದ್ಧಿ ಎಂಬ ಮಾತನ್ನು ನಾವು ಏಡಿಗೆ ಬಳಸುವುದಿಲ್ಲ. ಆದರೆ ಬೊಗಸೆಯಷ್ಟು ನೀರನ್ನು ಮರಿಗಳು ಬಾಳುವಂತೆ ಹದಮಾಡಿಡುವ ಈ ಕೆಲಸಕ್ಕೆ ಬೇರೆ ಹೆಸರೂ ನನಗೆ ತೋಚುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಏಡಿ ಹಿಡಿಯುವ ನಮ್ಮ ರೀತಿಯ ಬಗ್ಗೆಯೂ ಮಾತಾಡಲೇಬೇಕು. ಚೆಸಪೀಕ್ ಕೊಲ್ಲಿಯಲ್ಲಿ ದೊಡ್ಡ ಗಂಡುಗಳನ್ನು ಒಂದೇ ಸಮನೆ ಹಿಡಿದದ್ದರ ಪರಿಣಾಮವನ್ನು ಸ್ಮಿತ್‌ಸೋನಿಯನ್ ಪರಿಸರ ಸಂಶೋಧನಾ ಕೇಂದ್ರದ ಆನ್ಸನ್ ಹೈನ್ಸ್ ಮತ್ತಿತರರು ಅಧ್ಯಯನ ಮಾಡಿದರು. ಉಳಿದ ಸಣ್ಣ ಗಂಡುಗಳು, ಬೆನ್ನುಬೆನ್ನಿಗೆ ಕೂಡಿ ಬರಿದಾದ ಗಂಡುಗಳು ಕೊಡುವ ವೀರ್ಯ ಕಡಿಮೆ. ಜೀವನದಲ್ಲಿ ಒಮ್ಮೆ ಮಾತ್ರ ತುಂಬಿಕೊಳ್ಳುವ ಚೀಲಕ್ಕೆ ಅದು ಎಲ್ಲಿ ಸಾಲಬೇಕು! ಹೆಣ್ಣುಗಳನ್ನು ಹಿಡಿದದ್ದರ ಪೆಟ್ಟು ಇನ್ನೂ ನೇರ. 2008ರಲ್ಲಿ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳು ಹೆಣ್ಣೇಡಿ ಹಿಡಿಯುವ ಪ್ರಮಾಣವನ್ನು ಶೇ 34ರಷ್ಟು ತಗ್ಗಿಸುವ ಗುರಿಯಿಟ್ಟವು. ಮಣ್ಣಿನಲ್ಲಿ ಹೂತು ಚಳಿಗಾಲ ಕಳೆಯುವ ಹೆಣ್ಣುಗಳನ್ನು ಕೆರೆದು ತೆಗೆಯುವ ಪದ್ಧತಿಯನ್ನು ವರ್ಜೀನಿಯಾ ನಿಲ್ಲಿಸಿತು. ಎರಡೇ ವರ್ಷಗಳಲ್ಲಿ ಪ್ರಾಯದ ಹೆಣ್ಣುಗಳ ಸಂಖ್ಯೆ ದುಪ್ಪಟ್ಟಿಗೂ ಮೀರಿ ಏರಿತು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಏಡಿಯ ಮಟ್ಟಿಗೆ ಅದು ಸಾಲದು, ಯಾಕೆಂದರೆ ನಮ್ಮ ಕಡಲಿನ ಏಡಿಗಳು ವರ್ಷವಿಡೀ ಮೊಟ್ಟೆ ಕಟ್ಟುತ್ತವೆ. ಉಳಿದ ಹತ್ತು ತಿಂಗಳ ಹೊಣೆ ಬಲೆ ಎಳೆಯುವವರದು, ಮಾರುವವರದು, ಕೊಳ್ಳುವವರದು. ಬಲೆಗೆ ಬಿದ್ದ ಮೊಟ್ಟೆ ಏಡಿ ಜೀವಂತವಿದ್ದರೆ ಅಲ್ಲಿಯೇ ನೀರಿಗೆ ಬಿಡಿ. ಗೊಂಚಲು ಕಪ್ಪಾಗಿದ್ದರೆ ಮೊಟ್ಟೆಯೊಡೆಯಲು ಇನ್ನು ಕೆಲವೇ ದಿನ ಬಾಕಿ ಎಂದು ತಿಳಿಯಿರಿ. ಪೇಟೆಯಲ್ಲಿ ಏಡಿ ಕೊಳ್ಳುವವರು ಮಡಿಕೆಯಡಿ ಮೊಟ್ಟೆ ಕಂಡರೆ ಬೇಡ ಎನ್ನಿ. ಅನೇಕ ಮನೆಗಳಲ್ಲಿ ಏಡಿ ತೊಳೆಯುವಾಗ ಕಿತ್ತು ಬಿಸಾಡುವ ಆ ಗೊಂಚಲಿನಲ್ಲಿ ಲಕ್ಷಗಟ್ಟಲೆ ಮರಿಗಳಿರುತ್ತವೆ. ಕೊಳ್ಳುವವರು ಬೇಡವೆಂದರೆ ಹಿಡಿಯುವವರೂ ಬಿಡುತ್ತಾರೆ.